ಬಸ್ ಚಾರ್ಜಿಗೆ ರೊಕ್ಕ ಇಲ್ಲದೆ ನಡೆದೇ ಬೆಂಗಳೂರು ಸೇರಿದ ಹುಡುಗ: ವಿಜ್ಞಾನದ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟ ಎಚ್. ನರಸಿಂಹಯ್ಯ

ಹೊಂಬಳ (ಗದಗ): ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಹುಡುಗ ಸೈನ್ಸ್ ತಗೋತೀನಿ ಅಂದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಮಾರ್ಕ್ಸಿಂದಲ್ಲ, ರೊಕ್ಕದ್ದು. ಫೀ ಎಷ್ಟು, ಟ್ಯೂಷನ್ ಎಷ್ಟು, ದಿನಾ ಗದಗಿಗೆ ಹೋಗಿ ಬರೋದೋ ಇಲ್ಲಾ ರೂಮ್ ಮಾಡೋದೋ, ಊಟಕ್ಕೇನು ವ್ಯವಸ್ಥೆ? ಹೊಂಬಳವಿರಲಿ, ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಿರಲಿ, ಲೆಕ್ಕ ಕೂಡದಿದ್ದರೆ ಸೈನ್ಸ್ ಆಸೆ ಅಲ್ಲಿಗೇ ಮುಗೀತು.

ಇದೇ ಲೆಕ್ಕ ಸುಮಾರು 90 ವರ್ಷದ ಹಿಂದೆ ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಂಬ ಹಳ್ಳಿಯ ಒಂದು ಮನೆಯಲ್ಲೂ ಕೂಡಿರಲಿಲ್ಲ. ಆದರೆ ಆ ಮನೆಯ ಹುಡುಗ ಆಸೆ ಬಿಡಲಿಲ್ಲ. ಮುಂದೆ ಅವನೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಅದಕ್ಕಿಂತ ದೊಡ್ಡ ಮಾತೆಂದರೆ, ತಾನು ಪಟ್ಟ ಪಾಡು ಬೇರೆ ಬಡ ಹುಡುಗರಿಗೆ ಬರಬಾರದು ಅಂತ ಆಯುಷ್ಯ ಪೂರ್ತಿ ದುಡಿದ. ಅವರೇ ಡಾ. ಎಚ್. ನರಸಿಂಹಯ್ಯ. ಬೆಂಗಳೂರಿನವರ ಬಾಯಲ್ಲಿ ಎಚ್ಚೆನ್.

ಗದಗದಿಂದ ಧಾರವಾಡದಷ್ಟು ದೂರ, ಕಾಲ್ನಡಿಗೆ

ನರಸಿಂಹಯ್ಯ ಹುಟ್ಟಿದ್ದು 1920ರ ಜೂನ್ 6ರಂದು. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಹಿಂದುಳಿದ ಸಮುದಾಯದ ಬಡ ಕುಟುಂಬ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಆ ಭಾಗ ನೀರಿಗೆ ಬರ ಇದ್ದ ಸೀಮೆ. ಮಳೆ ನಂಬಿದ ಊರಿನ ಕಷ್ಟ ಗದಗಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಹುಡುಗ ಓದಿನಲ್ಲಿ ಚುರುಕು. ಆದರೆ ಊರ ಕಡೆಯ ಓದು ಮುಗಿದ ಮೇಲೆ ಹೈಸ್ಕೂಲಿಗೆ ಬೆಂಗಳೂರೇ ಗತಿ. ಅವನ ಬುದ್ಧಿ ಗೊತ್ತಿದ್ದ ಮಾಸ್ತರೊಬ್ಬರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಾ ಎಂದು ದಾರಿ ತೋರಿಸಿದರು. ದಾರಿ ಏನೋ ಗೊತ್ತಾಯಿತು, ಬಸ್ಸಿಗೆ ಕೊಡಲು ಕಾಸಿಲ್ಲ. 1935ರಲ್ಲಿ ಹುಡುಗ ನಡೆದೇ ಹೊರಟ. ಸುಮಾರು 80 ಕಿ.ಮೀ. ಗದಗದಿಂದ ಹೊರಟು ಹುಬ್ಬಳ್ಳಿ ದಾಟಿ ಧಾರವಾಡ ಮುಟ್ಟಿದಷ್ಟು ದೂರ. ಎರಡು ದಿನ ನಡೆದು ಬೆಂಗಳೂರು ಸೇರಿದ.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ 1917ರಲ್ಲಿ ಆನಿ ಬೆಸೆಂಟ್ ಅವರ ಪ್ರೇರಣೆಯಿಂದ ಶುರುವಾದ ಶಾಲೆ. ಅಲ್ಲಿ ಹುಡುಗನಿಗೆ ಸೀಟು ಸಿಕ್ಕಿತು, ಬಡ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಜಾಗವೂ ಸಿಕ್ಕಿತು. ಆ ಹಾಸ್ಟೆಲ್ ಇಲ್ಲದೇ ಹೋಗಿದ್ದರೆ ನಡೆದು ಬಂದ ದಾರಿಯಲ್ಲೇ ಹುಡುಗ ವಾಪಸ್ ಹೋಗಬೇಕಿತ್ತು. ಬಡವರ ಮಕ್ಕಳ ಓದು ನಿಲ್ಲುವುದು ಬುದ್ಧಿ ಸಾಲದೆ ಅಲ್ಲ, ಮಲಗಲು ಜಾಗ ಮತ್ತು ಎರಡು ಹೊತ್ತಿನ ಊಟ ಸಾಲದೆ ಎಂಬುದನ್ನು ನರಸಿಂಹಯ್ಯ ಪುಸ್ತಕದಿಂದ ಕಲಿತದ್ದಲ್ಲ.

1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದರು. ಅವರ ಮಾತನ್ನು ಕನ್ನಡದಲ್ಲಿ ಹೇಳುವ ಅವಕಾಶ ಹಳ್ಳಿಯಿಂದ ಬಂದ ಇದೇ ಹುಡುಗನಿಗೆ ಸಿಕ್ಕಿತು. ಆಮೇಲೆ ಅವರು ಖಾದಿ ಹಿಡಿದರು, ಕೊನೇತನಕ ಬಿಡಲಿಲ್ಲ. ಬಿಳಿ ಖಾದಿ ಪಂಚೆ, ಜುಬ್ಬಾ, ತಲೆಗೆ ಗಾಂಧಿ ಟೋಪಿ ಅವರ ಗುರುತೇ ಆಯಿತು.

ಜೈಲು, ಮೇಷ್ಟ್ರ ಕೆಲಸ, ಅಮೆರಿಕ

ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿ ಬಂತು. ನರಸಿಂಹಯ್ಯ ಪುಸ್ತಕ ಮಡಚಿಟ್ಟು ಚಳವಳಿಗೆ ಇಳಿದರು. ಬೆಂಗಳೂರು, ಮೈಸೂರು ಜೈಲುಗಳಷ್ಟೇ ಅಲ್ಲ, ಪುಣೆಯ ಯರವಾಡ ಜೈಲನ್ನೂ ಕಂಡರು. ಹೊರಗೆ ಬಂದು ಓದು ಮುಂದುವರಿಸಿ, 1946ರಲ್ಲಿ ಎಂ.ಎಸ್ಸಿ. ಮುಗಿಸಿ, ಆಗಷ್ಟೇ ಶುರುವಾಗಿದ್ದ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಮೇಷ್ಟ್ರಾದರು.

ಮುಂದೆ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1960ರಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಆ ಕಾಲಕ್ಕೆ ಅಂಥ ಪದವಿ ಇದ್ದವರು ಅಲ್ಲೇ ಉಳಿದು ಸುಖವಾಗಿ ಬಾಳಬಹುದಿತ್ತು. ಇವರು ಸೀದಾ ಬಸವನಗುಡಿಗೆ ವಾಪಸ್ ಬಂದರು. 1961ರಲ್ಲಿ ಅದೇ ಕಾಲೇಜಿನ ಪ್ರಿನ್ಸಿಪಾಲರಾದರು.

ಬುಧವಾರದ ಸಂಜೆ

ಪ್ರಿನ್ಸಿಪಾಲರಾದ ಮರುವರ್ಷ, 1962ರಲ್ಲಿ, ಅವರು ಶುರು ಮಾಡಿದ ಕೆಲಸ ಅವರ ಬದುಕಿನ ಬಲು ದೊಡ್ಡ ಕೆಲಸ. ಅದರ ಹೆಸರು ಬೆಂಗಳೂರು ಸೈನ್ಸ್ ಫೋರಂ. ಲಾಭಕ್ಕಾಗಿ ನಡೆಸಿದ ಸಂಸ್ಥೆಯಲ್ಲ. ವಾರಕ್ಕೊಮ್ಮೆ, ಬುಧವಾರ ಸಂಜೆ, ಕಾಲೇಜಿನ ಸಭಾಂಗಣದಲ್ಲಿ ಒಬ್ಬ ವಿಜ್ಞಾನಿಯೋ ವೈದ್ಯರೋ ಎಂಜಿನಿಯರೋ ಬಂದು ತಮ್ಮ ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಹೇಳಬೇಕು. ಕೇಳಲು ಬರುವವರಿಗೆ ಟಿಕೆಟ್ ಇಲ್ಲ. ಯಾವ ಕಾಲೇಜು, ಯಾವ ಕ್ಲಾಸು ಅಂತ ಕೇಳೋದಿಲ್ಲ. ಭಾಷಣ ಮುಗಿದ ಮೇಲೆ ಯಾರು ಬೇಕಾದರೂ ಎದ್ದು ನಿಂತು ಪ್ರಶ್ನೆ ಕೇಳಬಹುದು.

ಇದರ ಬೆಲೆ ತಿಳಿಯಬೇಕಾದರೆ ಆ ಕಾಲ ನೆನೆಯಬೇಕು. ಟಿ.ವಿ. ಇಲ್ಲ, ಮೊಬೈಲ್ ಇಲ್ಲ. ದೊಡ್ಡ ವಿಜ್ಞಾನಿಗಳು ಟಾಟಾ ಇನ್‌ಸ್ಟಿಟ್ಯೂಟಿನಂಥ ಜಾಗಗಳ ಕಾಂಪೌಂಡ್ ಒಳಗೆ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ, ಗುಮಾಸ್ತರಿಗೆ, ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗೆ ಆ ಗೇಟಿನೊಳಗೆ ಏನು ನಡೀತದೆ ಅನ್ನೋದೇ ಗೊತ್ತಿಲ್ಲ. ನರಸಿಂಹಯ್ಯ ಆ ವಿಜ್ಞಾನಿಗಳನ್ನೇ ಗೇಟಿನ ಹೊರಗೆ, ಜನರ ನಡುವೆ ಕರೆತಂದು ನಿಲ್ಲಿಸಿದರು. ಜುಲೈ ತಿಂಗಳಲ್ಲಿ ವಿಜ್ಞಾನ ಉತ್ಸವ ಅಂತ ಭಾಷಣಗಳ ಸಾಲೇ ನಡೆಯುತ್ತಿತ್ತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಇದಕ್ಕೆ ಬೇಕಾದದ್ದು ದೊಡ್ಡ ಬಂಡವಾಳ ಅಲ್ಲ. ಹಾಲ್ ಕಾಲೇಜಿನದು. ಮಾತಾಡುವವರು ಬರುತ್ತಿದ್ದದ್ದು ರೊಕ್ಕಕ್ಕಲ್ಲ, ಪ್ರೀತಿಗೆ. ಬೇಕಾದದ್ದು ವಾರ ತಪ್ಪಿಸದೆ ನಡೆಸುವ ಹಟ. ಅಂಗಡಿ ಇಟ್ಟವರಿಗೆ ಇದು ತಕ್ಷಣ ತಿಳೀತದೆ. ದಿನಾ ಒಂದೇ ಹೊತ್ತಿಗೆ ಬಾಗಿಲು ತೆರೆಯುವ ಅಂಗಡಿಗೇ ಗಿರಾಕಿ ಬರುವುದು. ನರಸಿಂಹಯ್ಯ ವಿಜ್ಞಾನದ ಬಾಗಿಲನ್ನು ಹಾಗೆ ತೆರೆದರು.

ಬೆಂಗಳೂರಲ್ಲೇ ನಿಲ್ಲಲಿಲ್ಲ. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಮೂಲಕ ತಮ್ಮ ಗೌರಿಬಿದನೂರಿಗೂ, ಆಂಧ್ರದ ಗಡಿಗೆ ಅಂಟಿಕೊಂಡ ಬಾಗೇಪಲ್ಲಿಗೂ ಕಾಲೇಜು ಬರುವಂತೆ ಮಾಡಿದರು. ತಾವು 80 ಕಿ.ಮೀ. ನಡೆದಿದ್ದರು. ಆ ಸೀಮೆಯ ಮುಂದಿನ ಹುಡುಗ ಹುಡುಗಿಯರು ಅಷ್ಟು ನಡೆಯಬೇಕಾಗಿ ಬರಲಿಲ್ಲ. ಹೆಣ್ಣುಮಕ್ಕಳ ಮಟ್ಟಿಗಂತೂ ಇದು ಇನ್ನೂ ದೊಡ್ಡದು. ಮಗನನ್ನು ದೂರದ ಊರಿಗೆ ಕಳಿಸುವ ಮನೆಯವರು ಮಗಳನ್ನು ಕಳಿಸಲು ಹಿಂದೆ ಮುಂದೆ ನೋಡುತ್ತಾರೆ. ಕಾಲೇಜೇ ಹತ್ತಿರ ಬಂದರೆ ಆ ನೆಪ ಇರೋದಿಲ್ಲ.

ಹಾಸ್ಟೆಲ್ ಕೋಣೆಯ ಕುಲಪತಿ

1972ರಲ್ಲಿ ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1977ರವರೆಗೆ ಆ ಸ್ಥಾನದಲ್ಲಿದ್ದರು. ಅಷ್ಟು ದೊಡ್ಡ ಹುದ್ದೆಗೆ ಹೋದರೂ ನ್ಯಾಷನಲ್ ಕಾಲೇಜು ಹಾಸ್ಟೆಲಿನ ಕೋಣೆಯ ನಂಟು ಬಿಡಲಿಲ್ಲ. ಮದುವೆ ಆಗಲಿಲ್ಲ, ಸ್ವಂತಕ್ಕೊಂದು ಮನೆ ಕಟ್ಟಲಿಲ್ಲ. ಒಂದು ಮಂಚ, ಒಂದಿಷ್ಟು ಪುಸ್ತಕ, ನಾಲ್ಕು ಜೊತೆ ಖಾದಿ ಬಟ್ಟೆ. ತಿನ್ನಲು ಉಪ್ಪಿಟ್ಟು ಇದ್ದರೆ ಸಾಕು; ಉಪ್ಪಿಟ್ಟಿನ ಮೇಲೆ ಅವರಿಗಿದ್ದ ಪ್ರೀತಿ ಬೆಂಗಳೂರಿನಲ್ಲಿ ಮಾತಾಗಿತ್ತು. ತಮ್ಮ ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ದುಡಿಮೆಯನ್ನು ಸಂಸ್ಥೆಗೆ, ಬಡ ವಿದ್ಯಾರ್ಥಿಗಳಿಗೆ ಕೊಟ್ಟರು.

ಕುಲಪತಿ ಆಗಿದ್ದಾಗಲೇ ಅವರು ದೇಶವೆಲ್ಲ ಮಾತಾಡುವಂಥ ಒಂದು ಕೆಲಸಕ್ಕೆ ಕೈ ಹಾಕಿದರು. 1976ರಲ್ಲಿ ಪವಾಡಗಳನ್ನೂ, ಪರೀಕ್ಷೆ ಮಾಡಿ ನೋಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ರಚಿಸಿದರು. ಪಾಂಡವಪುರದಲ್ಲಿ ಒಬ್ಬ ಸಣ್ಣ ಹುಡುಗನ ಕೈಯಿಂದ ವಿಭೂತಿ ಉದುರುತ್ತದೆ ಅಂತ ಆಗ ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಹೋಗಿ ನೋಡಿದಾಗ ವಿಭೂತಿ ಇದ್ದದ್ದು ಅಂಗಿಯ ಒಳಗೆ ಬಚ್ಚಿಟ್ಟಲ್ಲಿ. ಸತ್ಯಸಾಯಿ ಬಾಬಾ ಅವರಿಗೂ, ಪರೀಕ್ಷೆಗೆ ಒಪ್ಪಿ ಪವಾಡ ತೋರಿಸಿ ಎಂದು ಕುಲಪತಿ ಪತ್ರ ಬರೆದರು. ಉತ್ತರ ಬರಲಿಲ್ಲ.

ಇದಕ್ಕೆ ವಿರೋಧ ಕಡಿಮೆ ಇರಲಿಲ್ಲ. ಜನರ ಭಕ್ತಿಯ ವಿಷಯಕ್ಕೆ ವಿಶ್ವವಿದ್ಯಾಲಯ ಯಾಕೆ ಬರಬೇಕು ಎಂದು ಭಕ್ತರು ಸಿಟ್ಟಾದರು, ಪತ್ರಿಕೆಗಳಲ್ಲಿ ವಾದ ನಡೆಯಿತು. ನರಸಿಂಹಯ್ಯನವರ ನಿಲುವು ಸರಳ. ಮನಸ್ಸಿನೊಳಗಿನ ನಂಬಿಕೆ ಅವರವರದು. ಆದರೆ ಎಲ್ಲರ ಕಣ್ಣೆದುರು ಗಾಳಿಯಿಂದ ವಸ್ತು ಬರಿಸುತ್ತೇನೆ ಅಂದಮೇಲೆ ಅದು ಪರೀಕ್ಷೆಗೂ ನಿಲ್ಲಬೇಕು. ಪ್ರಶ್ನೆ ಕೇಳುವುದನ್ನು ಕಲಿಸದ ಓದು ಓದೇ ಅಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಬಡವರ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ. ಮೋಸ ಹೋದರೆ ಇದ್ದವರಿಗೆ ಸ್ವಲ್ಪ ನಷ್ಟ, ಇಲ್ಲದವರಿಗೆ ವರ್ಷದ ದುಡಿಮೆಯೇ ನಷ್ಟ.

ಹಾಡುಹಗಲೇ ಕತ್ತಲಾದ ದಿನ

ಅವರ ಮಾತು ಈ ಭಾಗಕ್ಕೆ ಎಷ್ಟು ಬೇಕಿತ್ತು ಅನ್ನೋದಕ್ಕೆ 1980ರ ಫೆಬ್ರುವರಿ 16 ಸಾಕ್ಷಿ. ಅಂದು ಮಧ್ಯಾಹ್ನದ ಮೇಲೆ ಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳು ಅಂಕೋಲಾ ಕಡೆಯಿಂದ ಬಂದು, ಉತ್ತರ ಕರ್ನಾಟಕ ದಾಟಿ, ರಾಯಚೂರಿನ ಆಚೆ ಹೋಯಿತು. ಇದನ್ನು ನೋಡಲು ವಿಜ್ಞಾನಿಗಳು ದೂರದೂರಿಂದ ಬಂದು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಟೆಂಟ್ ಹಾಕಿದ್ದರು. ಆದರೆ ಮನೆ ಬಾಗಿಲಿಗೇ ಬಂದ ಅಪರೂಪದ ನೋಟವನ್ನು ನಾಡಿನ ಬಹಳ ಜನ ನೋಡಲಿಲ್ಲ. ಕಿಟಕಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಅಂಗಡಿ ಮುಚ್ಚಿದವು, ರಸ್ತೆ ಬಿಕೋ ಅಂದವು.

ಗ್ರಹಣ ಅಂದ್ರೆ ನೆರಳು ಬೆಳಕಿನ ಆಟ, ಅದರಿಂದ ಅನ್ನ ಹಳಸೋದಿಲ್ಲ ಅಂತ ನರಸಿಂಹಯ್ಯ ಸಭೆ ಸಭೆಗಳಲ್ಲಿ ಹೇಳುತ್ತಿದ್ದದ್ದು ಇಂಥ ಭಯಕ್ಕೇ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು, ಅದು ನಿಜ. ಗ್ರಹಣ ಇಲ್ಲದ ದಿನವೂ ನೋಡಬಾರದು. ಆದರೆ ನೋಡಲು ಸುಲಭದ ದಾರಿ ಇದೆ. ಒಂದು ರಟ್ಟಿಗೆ ಸೂಜಿಯಿಂದ ಸಣ್ಣ ತೂತು ಮಾಡಿ, ಸೂರ್ಯನಿಗೆ ಬೆನ್ನು ಕೊಟ್ಟು ನಿಂತು, ತೂತಿನಿಂದ ಬಂದ ಬೆಳಕನ್ನು ಗೋಡೆ ಮೇಲೆ ಬೀಳಿಸಿದರೆ ಸೂರ್ಯ ಒಂದು ತುದಿ ಮುರಿದ ರೊಟ್ಟಿಯಂತೆ ಕಾಣುತ್ತಾನೆ. ಖರ್ಚು ಒಂದು ರಟ್ಟು, ಒಂದು ಸೂಜಿ.

ಬಿಟ್ಟು ಹೋದದ್ದು

1984ರಲ್ಲಿ ಅವರಿಗೆ ಪದ್ಮಭೂಷಣ ಬಂತು. ‘ಹೋರಾಟದ ಹಾದಿ’ ಎಂಬ ಹೆಸರಲ್ಲಿ ತಮ್ಮ ಕತೆ ಬರೆದರು. 2005ರ ಜನವರಿ 31ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಹೆಂಡತಿ ಮಕ್ಕಳಿಲ್ಲದ ಆ ಮನುಷ್ಯನನ್ನು ಕಳಿಸಿಕೊಡಲು ಅವರಲ್ಲಿ ಕಲಿತವರು ಬಂದರು. ಸೈನ್ಸ್ ಫೋರಂ ಅವರ ನಂತರವೂ ನಡೆಯಿತು.

ಒಂದು ಕೊರತೆಯನ್ನೂ ಹೇಳಲೇಬೇಕು. ಬುಧವಾರದ ಸಂಜೆ ಬಸವನಗುಡಿಯ ಹುಡುಗರಿಗೆ ಸಿಕ್ಕಷ್ಟು ಹೊಂಬಳದ ಹುಡುಗರಿಗೆ ಸಿಗಲಿಲ್ಲ. ಅದು ನರಸಿಂಹಯ್ಯನವರ ತಪ್ಪಲ್ಲ. ಒಬ್ಬ ಮನುಷ್ಯ ಒಂದು ಊರಲ್ಲಿ ಮಾಡಿ ತೋರಿಸಿದ್ದನ್ನು ಉಳಿದ ಊರವರು ತಮ್ಮಲ್ಲೂ ಮಾಡಿಕೊಳ್ಳಬೇಕಿತ್ತು. ಸಹಕಾರದ ವಿಷಯದಲ್ಲಿ ಈ ಗದಗ ತಾಲ್ಲೂಕು ಯಾರಿಗೂ ಕಾಯಲಿಲ್ಲ. 1905ರಲ್ಲೇ ಕಣಗಿನಹಾಳದ ರೈತರು ತಮ್ಮ ಸಂಘ ತಾವೇ ಕಟ್ಟಿ ನಾಡಿಗೆ ದಾರಿ ತೋರಿದರು. ವಿಜ್ಞಾನಕ್ಕೂ ಅದೇ ಸೂತ್ರ. ಸಾಲಿ ಬಿಟ್ಟ ಮೇಲೆ ಖಾಲಿ ಇರುವ ಒಂದು ಕೋಣೆ, ರಿಟೈರ್ಡ್ ಆದ ಒಬ್ಬ ಸೈನ್ಸ್ ಮಾಸ್ತರು, ಮಕ್ಕಳಿಗೆ ಚುರುಮುರಿ ಚಾ ಕೊಡಿಸುವ ನಾಲ್ಕು ಅಂಗಡಿಯವರು, ಮತ್ತು ವಾರ ತಪ್ಪಿಸದ ಹಟ.

2027ರ ಆಗಸ್ಟ್ 2ರಂದು ಮತ್ತೊಂದು ಸೂರ್ಯಗ್ರಹಣ ಇದೆ. ಭಾರತದಲ್ಲಿ ಸಂಜೆ ಹೊತ್ತಿಗೆ ಭಾಗಶಃ ಕಾಣಿಸುತ್ತದೆ. ಮುಂಗಾರಿನ ಮೋಡ ಬಿಟ್ಟರೆ ಹೊಂಬಳದ ಸಾಲಿ ಗೋಡೆಯ ಮೇಲೂ ಆ ಮುರಿದ ರೊಟ್ಟಿಯಂಥ ಸೂರ್ಯ ಬೀಳಬಹುದು. ಅಷ್ಟರೊಳಗೆ ರಟ್ಟು ಸೂಜಿ ಹಿಡಿದು ಅಂಗಳಕ್ಕೆ ಬರುವ ಮಕ್ಕಳು ತಯಾರಾಗಿದ್ದರೆ, ನಡೆದು ಬೆಂಗಳೂರು ಸೇರಿದ ಆ ಹುಡುಗನ ಹಾದಿ ಇಲ್ಲಿಗೂ ಬಂದು ಮುಟ್ಟಿತು ಅಂತ ತಿಳಿಯಬೇಕು.