ಖಾಲಿ ಹಾಳೆಯ ಮೊಹರು

ಘಾಟ್ಕೋಪರ್‌ನಲ್ಲಿ ಬಾಡಿಗೆ ಮನೆ ನೋಡುವಾಗ ಏಜೆಂಟರು ಖಾಲಿ ಹಾಳೆ ಮುಂದಿಟ್ಟು ಸಹಿ ಕೇಳಿದರು. ವಿವರ ಆಮೇಲೆ ತುಂಬುತ್ತಾರಂತೆ. ನಾನು ಬೀದರಿನವನು. ಮಹಮೂದ್ ಗವಾನ್ ನೆನಪಾದ. ಸಹಿ ಹಾಕಲಿಲ್ಲ, ಆ ಮನೆಯೂ ಕೈತಪ್ಪಿತು.

ಪರ್ಷಿಯಾದ ಗೀಲಾನ್‌ನ ಗವಾನ್ ವ್ಯಾಪಾರಿಯಾಗಿ 1453ರಲ್ಲಿ ದಾಭೋಲ್ ಬಂದರಿಗೆ ಬಂದಿಳಿದ. ನಮ್ಮ ಮುಂಬಯಿಗೆ ದಕ್ಷಿಣದಲ್ಲಿರುವ ಅದೇ ಕೊಂಕಣದ ದಾಭೋಲ್. ಬಹಮನಿ ದರ್ಬಾರಿನಲ್ಲಿ ಮೇಲೇರಿ ಪ್ರಧಾನಿಯಾದ, ಗೋವಾ ಗೆದ್ದ, 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಅಲ್ಲಿ 3000 ಹಸ್ತಪ್ರತಿಗಳಿದ್ದವಂತೆ. ರಾಜ್ಯದ 4 ಪ್ರಾಂತಗಳನ್ನು 8 ಮಾಡಿ, ಪ್ರತಿ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಉಳಿಸಿದ. ಅಧಿಕಾರ ಕಳೆದುಕೊಂಡವರು ಸುಮ್ಮನಿರುತ್ತಾರೆಯೇ?

ಗವಾನನ ಮೊಹರು ಕಾಯುವವನನ್ನು ಒಳಗೆ ಹಾಕಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರಲ್ಲಿ ಬರೆದರು. ಕುಡಿದ ಮತ್ತಿನಲ್ಲಿದ್ದ ಸುಲ್ತಾನ ಮೂರನೇ ಮುಹಮ್ಮದ್ ವಿಚಾರಣೆಯನ್ನೇ ಮಾಡಲಿಲ್ಲ. ಮೊಹರು ತನ್ನದೇ, ಬರಹ ತನ್ನದಲ್ಲ ಎಂದು ಗವಾನ್ ಹೇಳಿದರೂ ಕೇಳುವವರಿರಲಿಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ ಆ ಮುದುಕನ ತಲೆ ಕಡಿಸಿದ. ಬೊಕ್ಕಸ ತೆರೆಸಿದರೆ ಸಿಕ್ಕಿದ್ದು ಅಲ್ಪಸ್ವಲ್ಪ. ಗಳಿಕೆಯನ್ನೆಲ್ಲ ಬಡವರಿಗೆ ಹಂಚುತ್ತಿದ್ದನಂತೆ. ಸುಲ್ತಾನನೂ ಮರುವರ್ಷವೇ ಸತ್ತ. ರಾಜ್ಯ ಕೆಲವೇ ದಶಕಗಳಲ್ಲಿ ಐದು ಹೋಳಾಯಿತು.

ಬೀದರಿನಲ್ಲಿ ಬರೀದ್ ಶಾಹಿ ಸುಲ್ತಾನರ ಗುಮ್ಮಟಗಳ ಸುತ್ತ ತೋಟವಿದೆ, ಸಂಜೆ ಮಕ್ಕಳನ್ನು ಕರೆದುಕೊಂಡು ಜನ ಬರುತ್ತಾರೆ. ಊರಾಚೆ ಇರುವ ಗವಾನನ ಗೋರಿಗೆ ಗುಮ್ಮಟವೂ ಇಲ್ಲ. ದೀಪಾವಳಿಗೆ ಊರಿಗೆ ಹೋದಾಗ ಮಗಳನ್ನು ಮೊದಲು ಅಲ್ಲಿಗೇ ಕರೆದೊಯ್ಯಬೇಕು.