ನೊಗ ಇಳಿಸಿದ ರೈತನ ಮಗ: ಹ್ಯಾರಿ ಫರ್ಗುಸನ್

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಹಿಮವೆಂದರೆ ಭೂಗೋಳದ ಪುಸ್ತಕದಲ್ಲಿ ಕಂಡ ಮಾತು. ಆದರೆ ಬ್ರಿಟನ್, ನಾರ್ವೆ, ಕೆನಡಾ ಮೊದಲಾದ ಶೀತದೇಶಗಳ ಹಳ್ಳಿಗರಿಗೆ ಅದು ಚಳಿಗಾಲದ ನಿತ್ಯದ ಪಾಡು. ರಾತ್ರಿಯೆಲ್ಲ ಹಿಮ ಸುರಿದರೆ ಬೆಳಗಾಗುವಷ್ಟರಲ್ಲಿ ಮನೆಯಿಂದ ಕೊಟ್ಟಿಗೆಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಆಗ ಅಲ್ಲಿನ ಕೆಲವು ಮನೆಗಳಲ್ಲಿ ಇಂದಿಗೂ ಎಪ್ಪತ್ತು ವರ್ಷಗಳ ಹಿಂದಿನ ಒಂದು ಬೂದುಬಣ್ಣದ ಪುಟ್ಟ ಟ್ರ್ಯಾಕ್ಟರು ಹೊರಕ್ಕೆ ಬರುತ್ತದೆ. ಮುಂಭಾಗದ ಲೋಡರಿನ ಬಕೆಟ್ಟಿನಿಂದ ಹಿಮವನ್ನು ಬಾಚಿ ಬದಿಗೆ ಸುರಿದು ದಾರಿ ಬಿಡಿಸುತ್ತದೆ. ಹೊಲ ಉಳಲೆಂದು ಹುಟ್ಟಿದ ಯಂತ್ರಕ್ಕೆ ಈ ದೀರ್ಘಾಯುಸ್ಸನ್ನು ಕೊಟ್ಟವನು ಹ್ಯಾರಿ ಫರ್ಗುಸನ್.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹೊಲ ಬಿಟ್ಟು ಬಂದವನು ಹೊಲಕ್ಕೆ ಏನನ್ನು ಹಿಂತಿರುಗಿಸಬಲ್ಲನೆಂಬ ಪ್ರಶ್ನೆ ಈ ಮೂರು ವರ್ಷಗಳಲ್ಲಿ ನನ್ನನ್ನು ಅನೇಕ ಸಲ ಕಾಡಿದೆ. ಆ ಕಾರಣದಿಂದಲೇ ಈ ಮಹನೀಯನ ಚರಿತ್ರೆಯನ್ನು ಸಹಪಾಠಿಗಳ ಮುಂದೆ ಇಡಬೇಕೆನಿಸಿತು.

ಫರ್ಗುಸನ್ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಡೌನ್ ಜಿಲ್ಲೆಯ ಗ್ರೋವೆಲ್ ಎಂಬಲ್ಲಿ. ತಂದೆ ರೈತ, ದೈವಭಕ್ತ, ಬಹಳ ಕಟ್ಟುನಿಟ್ಟಿನ ಮನುಷ್ಯ. ಹನ್ನೊಂದು ಮಕ್ಕಳ ತುಂಬು ಸಂಸಾರ. ಮೈಮುರಿಯುವ ಹೊಲಗೆಲಸ ಹ್ಯಾರಿಗೆ ಹಿಡಿಸಲಿಲ್ಲ. 1902ರಲ್ಲಿ ಅವನು ಹೊಲವನ್ನು ಬಿಟ್ಟು ಬೆಲ್‌ಫಾಸ್ಟ್ ನಗರಕ್ಕೆ ಹೋಗಿ, ಅಣ್ಣನ ಸೈಕಲ್ ಮತ್ತು ಮೋಟಾರು ದುರಸ್ತಿಯ ಅಂಗಡಿಯಲ್ಲಿ ಕೆಲಸಕ್ಕೆ ನಿಂತನು. ಯಂತ್ರಗಳು ಅವನ ಕೈಗೆ ಬೇಗ ಒಲಿದವು. 1909ರ ಡಿಸೆಂಬರ್ 31ರಂದು, ತಾನೇ ಕಟ್ಟಿದ ವಿಮಾನದಲ್ಲಿ ಸುಮಾರು 130 ಗಜ ಹಾರಿ, ಐರ್ಲೆಂಡಿನಲ್ಲಿ ಮೊಟ್ಟಮೊದಲು ವಿಮಾನ ಹಾರಿಸಿದವನೆನಿಸಿದನು.

ಆಕಾಶಕ್ಕೆ ಹಾರಿದವನನ್ನು ಮತ್ತೆ ನೆಲಕ್ಕೆ ಕರೆದದ್ದು ಮೊದಲನೆಯ ಮಹಾಯುದ್ಧ. ಆಹಾರದ ಅಭಾವ ತಲೆದೋರಿತ್ತು. 1917ರಲ್ಲಿ ಐರ್ಲೆಂಡಿನ ಕೃಷಿ ಇಲಾಖೆ ರೈತರಲ್ಲಿದ್ದ ಟ್ರ್ಯಾಕ್ಟರುಗಳ ಬಳಕೆಯನ್ನು ಸುಧಾರಿಸುವ ಕೆಲಸವನ್ನು ಅವನಿಗೆ ವಹಿಸಿತು. ಸಹಾಯಕ ವಿಲಿ ಸ್ಯಾಂಡ್ಸ್‌ನೊಡನೆ ಹಳ್ಳಿಗಳನ್ನು ಸುತ್ತಿದ ಫರ್ಗುಸನ್‌ಗೆ ಒಂದು ಮುಖ್ಯ ದೋಷ ಕಾಣಿಸಿತು. ಅಂದಿನ ಟ್ರ್ಯಾಕ್ಟರುಗಳು ನೇಗಿಲನ್ನು ಬಂಡಿಯಂತೆ ಹಿಂದೆ ಎಳೆಯುತ್ತಿದ್ದವು. ಗುಳ ಕಲ್ಲಿಗೆ ಸಿಕ್ಕಿಕೊಂಡರೂ ಹಿಂದಿನ ಚಕ್ರಗಳು ತಿರುಗುತ್ತಲೇ ಇರುತ್ತಿದ್ದವು. ಮುಂಭಾಗ ಮೇಲಕ್ಕೆದ್ದು, ಯಂತ್ರ ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆಯೇ ಬೀಳುತ್ತಿತ್ತು. ಹೀಗೆ ಪ್ರಾಣ ಕಳೆದುಕೊಂಡವರು ಅನೇಕರು. ಇದನ್ನು ತಡೆಯಲು ಇತರರು ಯಂತ್ರದ ತೂಕ ಹೆಚ್ಚಿಸಿದರೆ, ತೂಕದ ಯಂತ್ರ ಮಣ್ಣನ್ನು ತುಳಿದು ಗಟ್ಟಿಮಾಡುತ್ತಿತ್ತು.

ಫರ್ಗುಸನ್ ಬೇರೆ ದಾರಿ ಹಿಡಿದನು. ನೇಗಿಲನ್ನೂ ಟ್ರ್ಯಾಕ್ಟರನ್ನೂ ಒಂದೇ ದೇಹದಂತೆ ಬೆಸೆಯುವುದು ಅವನ ಉಪಾಯ. ಕೆಳಗೆ ಎರಡು ತೋಳು, ಮೇಲೆ ನಡುವೆ ಒಂದು ತೋಳು, ಹೀಗೆ ಮೂರು ಕಡೆ ಜೋಡಣೆ. ಅದನ್ನು ಎತ್ತಿ ಇಳಿಸಲು ಎಣ್ಣೆಯ ಒತ್ತಡ. ಉಳುವಾಗ ಮೇಲಿನ ತೋಳು ಮುಂದಕ್ಕೆ ಒತ್ತುವುದರಿಂದ ಟ್ರ್ಯಾಕ್ಟರಿನ ಮೂತಿ ನೆಲಕ್ಕೆ ಅಮರುತ್ತದೆ. ನೇಗಿಲಿನ ಭಾರ ಹಿಂದಿನ ಚಕ್ರಗಳಿಗೆ ಹಿಡಿತ ಕೊಡುತ್ತದೆ. ಗುಳ ಕಲ್ಲಿಗೆ ಬಡಿದರೆ ಆ ಒತ್ತಡವನ್ನು ಯಂತ್ರವೇ ಅರಿತು ಚಕ್ರದ ಮೇಲಿನ ಭಾರವನ್ನು ಕಳಚುತ್ತದೆ. ಚಕ್ರ ನಿಂತಲ್ಲೇ ಜಾರುತ್ತದೆ, ಚಾಲಕನ ಜೀವ ಉಳಿಯುತ್ತದೆ. ಈ ಪದ್ಧತಿ ಪಕ್ವವಾಗಲು ಅವನಿಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1936ರಲ್ಲಿ ಡೇವಿಡ್ ಬ್ರೌನ್ ಕಾರ್ಖಾನೆಯ ಸಹಾಯದಿಂದ ಅಂಥ ಟ್ರ್ಯಾಕ್ಟರು ಮಾರುಕಟ್ಟೆಗೆ ಬಂದಿತು.

1938ರಲ್ಲಿ ಅವನು ಅಮೆರಿಕಕ್ಕೆ ಹೋಗಿ ತನ್ನ ಯಂತ್ರವನ್ನು ಹೆನ್ರಿ ಫೋರ್ಡನಿಗೆ ತೋರಿಸಿದನು. ಫೋರ್ಡನೂ ರೈತನ ಮಗ. ಇಬ್ಬರೂ ಕಾಗದವಿಲ್ಲದೆ, ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. ಮರುವರ್ಷವೇ ಅವರ ಟ್ರ್ಯಾಕ್ಟರು ಹೊರಬಂದಿತು. ಆದರೆ ಫೋರ್ಡನ ಮೊಮ್ಮಗ ಅಧಿಕಾರಕ್ಕೆ ಬಂದ ಮೇಲೆ 1947ರಲ್ಲಿ ಆ ಒಪ್ಪಂದ ಮುರಿದುಬಿತ್ತು. ಫರ್ಗುಸನ್ ನ್ಯಾಯಾಲಯದ ಮೆಟ್ಟಿಲೇರಿದನು. ವರ್ಷಗಟ್ಟಲೆ ಹೋರಾಡಿ 1952ರಲ್ಲಿ 92 ಲಕ್ಷ 50 ಸಾವಿರ ಡಾಲರ್ ಪರಿಹಾರ ಪಡೆದನು. ಮಾತಿಗೆ ಬೆಲೆ ಕೊಟ್ಟವನು ಕೊನೆಗೆ ಕಾಗದದ ಬೆಲೆಯನ್ನು ಕಲಿಯಬೇಕಾಯಿತು.

ಇಷ್ಟರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ ಅವನ ಟಿ.ಇ. 20 ಟ್ರ್ಯಾಕ್ಟರು ತಯಾರಾಗತೊಡಗಿತ್ತು. 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ಆರಂಭದಲ್ಲಿ ನಾನು ಹೇಳಿದ ಹಿಮ ತೆಗೆಯುವ ಯಂತ್ರ ಇದೇ. ಇದರಿಂದ ಹಿಮ ತೆಗೆಯುವುದಕ್ಕೂ ಚಾತುರ್ಯ ಬೇಕು. ಬಕೆಟ್ಟು ತುಂಬಿದಾಗ ಭಾರವೆಲ್ಲ ಮುಂದಕ್ಕೆ ಬಿದ್ದು, ಹಿಂದಿನ ಚಕ್ರಗಳು ಹಗುರವಾಗಿ ಜಾರುತ್ತವೆ. ಆದ್ದರಿಂದ ಹಿಂಬದಿಯ ಮೂರು ತೋಳುಗಳಿಗೆ ತೂಕದ ಪೆಟ್ಟಿಗೆಯನ್ನು ಬಿಗಿದು, ಚಕ್ರಗಳಿಗೆ ಸರಪಳಿ ತೊಡಿಸಿ, ಬಕೆಟ್ಟನ್ನು ನೆಲದ ಸಮೀಪದಲ್ಲೇ ಇಟ್ಟು ನಡೆಸುತ್ತಾರೆ. ಒಂದು ಕುಂದೂ ಉಂಟು: ಕ್ಲಚ್ಚನ್ನು ಪೂರ್ತಿ ತುಳಿದರೆ ಎಣ್ಣೆಯ ಪಂಪೂ ನಿಂತುಬಿಡುತ್ತದೆ, ಬಕೆಟ್ಟು ಮೇಲೇಳುವುದಿಲ್ಲ. ಉಳುಮೆಯಲ್ಲಿ ಕಾಣದ ಈ ತೊಡಕು ಹೆಜ್ಜೆಹೆಜ್ಜೆಗೂ ಹಿಂದೆ ಮುಂದೆ ಸರಿಯಬೇಕಾದ ಲೋಡರಿನ ಕೆಲಸದಲ್ಲಿ ಕೈಯನ್ನು ಕಟ್ಟಿಹಾಕುತ್ತದೆ.

ಹಿಮದಲ್ಲಿ ಈ ಟ್ರ್ಯಾಕ್ಟರಿನ ಪರಮ ಸಾಹಸ ನಡೆದದ್ದು ದಕ್ಷಿಣ ಧ್ರುವದಲ್ಲಿ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ಮತ್ತು ಸಂಗಡಿಗರು ಚಕ್ರಗಳಿಗೆ ಪಟ್ಟಿ ತೊಡಿಸಿದ ಮೂರು ಫರ್ಗುಸನ್ ಟ್ರ್ಯಾಕ್ಟರುಗಳನ್ನು ನಡೆಸಿಕೊಂಡು 1958ರ ಜನವರಿ 4ರಂದು ಧ್ರುವವನ್ನು ಮುಟ್ಟಿದರು. ಮೋಟಾರು ವಾಹನಗಳು ನೆಲದ ಮೇಲೆ ಅಲ್ಲಿಗೆ ತಲುಪಿದ್ದು ಅದೇ ಮೊದಲು. ಹಿಮದ ಬಿರುಕಿನಲ್ಲಿ ಒಂದು ಕುಸಿದರೆ ಉಳಿದವು ತಡೆಯಲೆಂದು ಅವನ್ನು ಹಗ್ಗದಿಂದ ಒಂದಕ್ಕೊಂದು ಬಿಗಿದಿದ್ದರಂತೆ.

1953ರಲ್ಲಿ ತನ್ನ ಉದ್ಯಮವನ್ನು ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಕಂಪನಿಯೊಡನೆ ಸೇರಿಸಿದ ಫರ್ಗುಸನ್ ಮರುವರ್ಷ ಅದರಿಂದ ಹೊರಬಂದು, ನಾಲ್ಕು ಚಕ್ರಗಳಿಗೂ ಶಕ್ತಿ ಕೊಡುವ ಕಾರುಗಳ ಪ್ರಯೋಗದಲ್ಲಿ ತೊಡಗಿದನು. 1960ರ ಅಕ್ಟೋಬರ್ 25ರಂದು ತೀರಿಕೊಂಡನು. ಅದೇ ವರ್ಷ ಮದರಾಸಿನಲ್ಲಿ ಮ್ಯಾಸ್ಸಿ ಫರ್ಗುಸನ್ ಸಹಯೋಗದೊಡನೆ ಟಾಫೆ ಕಂಪನಿ ಆರಂಭವಾಯಿತು; ಹೀಗೆ ಅವನ ಹೆಸರು ನಮ್ಮ ಎರೆಭೂಮಿಗೂ ಬಂದಿತು. ಹೆಸರು ಯಾವುದಾದರೇನು, ಇಂದು ನಮ್ಮ ಹೊಲಗಳಲ್ಲಿ ರೋಟವೇಟರ್, ಕಲ್ಟಿವೇಟರ್ ಹೊತ್ತು ತಿರುಗುವ ಟ್ರ್ಯಾಕ್ಟರುಗಳ ಬೆನ್ನಿಗೆ ಅಂಟಿರುವುದು ಅವನ ಮೂರು ತೋಳುಗಳೇ.

ಆಹಾರದ ಬೆಲೆ ಇಳಿಸಿ ಲೋಕದ ಹಸಿವು ನೀಗಿಸಬೇಕೆಂಬುದು ಅವನ ಕನಸಾಗಿತ್ತು. ಆ ಕನಸು ಪೂರ್ತಿ ನನಸಾಯಿತೆಂದು ನಾನು ಹೇಳಲಾರೆ. ಟ್ರ್ಯಾಕ್ಟರು ಬಂದ ಮೇಲೆ ನಮ್ಮೂರಲ್ಲಿ ಎತ್ತುಗಳ ಹೆಗಲಿಗೆ ಬಿಡುವು ದೊರೆತಂತೆ, ಕೆಲವು ಕೂಲಿಕಾರರ ಕೈಗೂ ಬಿಡುವು ಬಂದಿತು. ಗಂಟೆಯ ಬಾಡಿಗೆ ಕೊಡಲಾಗದ ಬಡರೈತ ಇನ್ನೂ ಸರದಿಗಾಗಿ ಕಾಯುತ್ತಾನೆ. ಆದರೂ ಹೊಲದ ಕಷ್ಟಕ್ಕೆ ಬೇಸತ್ತು ಹೊರಟುಹೋದ ಹುಡುಗನೊಬ್ಬನು ಆ ಕಷ್ಟವನ್ನು ಮರೆಯದೆ, ತನ್ನ ವಿದ್ಯೆಯನ್ನೆಲ್ಲ ಅದರ ಪರಿಹಾರಕ್ಕೇ ಹಿಡಿದನೆಂಬುದು ಸುಳ್ಳಲ್ಲ. ಪದವಿ ಪಡೆದು ಊರಿಗೂ ಉದ್ಯೋಗಕ್ಕೂ ನಡುವೆ ನಿಲ್ಲಲಿರುವ ನನ್ನಂಥವರು ಈ ಜೀವನವನ್ನು ಒಮ್ಮೆ ಮನಸ್ಸಿಟ್ಟು ನೋಡಬೇಕು.