ವಿಲ್ಬರ್ ಮಿಲ್ಸ್
ವಿಲ್ಬರ್ ಮಿಲ್ಸ್ (24 ಮೇ 1909 – 2 ಮೇ 1992) ಅಮೆರಿಕದ ರಾಜಕಾರಣಿ. ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ‘ಮೆಡಿಕೈಡ್’ಗೆ ಶಾಸನರೂಪ ನೀಡಿದ ಪ್ರಮುಖರಲ್ಲೊಬ್ಬರು. ಆರ್ಕನ್ಸಾ ರಾಜ್ಯದ ಕೆನ್ಸೆಟ್‌ನಲ್ಲಿ ಜನಿಸಿ, ಹಾರ್ವರ್ಡ್‌ನಲ್ಲಿ ಕಾನೂನು ಓದಿದರು. 1939ರಿಂದ 1977ರವರೆಗೆ ಡೆಮಾಕ್ರಟಿಕ್ ಪಕ್ಷದ ಸಂಸದರಾಗಿದ್ದು, ತೆರಿಗೆ ಮತ್ತು ಸಾಮಾಜಿಕ ಭದ್ರತೆಯ ಮಸೂದೆಗಳನ್ನು ಪರಿಶೀಲಿಸುವ ಸಮಿತಿಗೆ ದೀರ್ಘಕಾಲ ಅಧ್ಯಕ್ಷರಾಗಿದ್ದರು.

1960ರ ಕೆರ್-ಮಿಲ್ಸ್ ಕಾಯಿದೆಯು ಬಡ ವೃದ್ಧರ ಚಿಕಿತ್ಸೆಗಾಗಿ ರಾಜ್ಯಗಳಿಗೆ ಕೇಂದ್ರದ ಅನುದಾನ ಒದಗಿಸಿತು. ಆದರೆ ಎಲ್ಲ ರಾಜ್ಯಗಳೂ ಅದನ್ನು ಜಾರಿಗೊಳಿಸಲಿಲ್ಲ. 1965ರಲ್ಲಿ ಮಿಲ್ಸ್, ವೃದ್ಧರ ‘ಮೆಡಿಕೇರ್’ ವಿಮೆಯನ್ನೂ ಮೆಡಿಕೈಡನ್ನೂ ಒಂದೇ ಮಸೂದೆಯಲ್ಲಿ ಸೇರಿಸಿದರು. ಬಡ ಮಕ್ಕಳು, ಅಂಧರು, ಅಂಗವಿಕಲರೂ ಮೆಡಿಕೈಡ್ ವ್ಯಾಪ್ತಿಗೆ ಬಂದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಜುಲೈ 30ರಂದು ಅಂಕಿತ ಹಾಕಿದರು. ರಾಜ್ಯಗಳ ಸೇರ್ಪಡೆ ಐಚ್ಛಿಕವಾಗಿಯೇ ಉಳಿದುದರಿಂದ, ಅರಿಜೋನಾದ ಬಡವರು ಈ ಸೌಲಭ್ಯಕ್ಕಾಗಿ 1982ರವರೆಗೆ ಕಾಯಬೇಕಾಯಿತು.